ನೂರ ಎಂಬತ್ತು ದಿನದ ದಾನ

ಸೋಮವಾರ ಬೆಳಿಗ್ಗೆ ಹತ್ತೂವರೆಯ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನಿಂತಿದ್ದಾಗ ಊರಿನ ಹೆಡ್‌ಮೇಷ್ಟ್ರ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಮೂರನೇ ಸಲ ಬಂದಾಗ ಊರಲ್ಲಿ ಯಾರಿಗೋ ಏನೋ ಆಗಿದೆ ಅಂತಲೇ ಗಾಬರಿಯಾಗಿ ಹೊರಗೆ ಓಡಿದೆ.

"ಏನಪ್ಪಾ, ಬಿಜಿನಾ? ಏನಿಲ್ಲ, ನೀನು ಕೊಟ್ಟ ಕಂಪ್ಯೂಟರೆಲ್ಲ ಕರ್ರಗಾಗಿ ಕೂತವೆ."

"ಆನ್ ಆಗ್ತಾ ಇಲ್ವಾ ಸಾರ್?"

"ಆನ್ ಆಗ್ತವೆ. ಹಿಂದುಗಡೆ ನೀಲಿ ಬಣ್ಣ ಇತ್ತಲ್ಲ, ಅದು ಹೋಗಿ ಪೂರ್ತಿ ಕಪ್ಪು. ಕೆಳಗೆ ಮೂಲೇಲಿ ಇಂಗ್ಲೀಷಲ್ಲಿ ಬರ್ತಿದೆ, ಈ ಕಾಪಿ ಜೆನ್ಯೂಯಿನ್ ಅಲ್ಲ ಅಂತ. ಆರಕ್ಕೆ ಆರೂ ಹಂಗೇ. ಮುಂದಿನ ವಾರ ಬಿಇಓ ಸಾಹೇಬ್ರು ಬರೋರಿದಾರೆ. ಅವರ ಮುಂದೆ ನಕಲಿ ಅಂತ ತೋರಿಸಿದ್ರೆ ಚೆನ್ನಾಗಿರಲ್ಲ ನೋಡು."

"ವೈರಸ್ ಇರಬೇಕು ಸಾರ್. ಶನಿವಾರ ಬರ್ತೀನಿ" ಅಂದೆ.

ವೈರಸ್ ಅಲ್ಲ ಅಂತ ನನಗೆ ಗೊತ್ತಿತ್ತು. ಅಷ್ಟೇ ಅಲ್ಲ, ಇಂಥದ್ದೊಂದು ಫೋನ್ ಜನವರಿ ಹೊತ್ತಿಗೆ ಬರುತ್ತೆ ಅಂತಲೂ ಜೂನ್ ತಿಂಗಳಲ್ಲೇ ಗೊತ್ತಿತ್ತು. ಹೇಗೆ ಅಂತ ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. ಸ್ವಲ್ಪ ಟೆಕ್ನಿಕಲ್ ವಿಷಯ ಬರುತ್ತೆ, ಸಹಿಸಿಕೊಳ್ಳಿ.

ನಾನು ಜಾವಾ ಬರೆದು ಹೊಟ್ಟೆ ಹೊರೆಯೋನು. ಸರ್ವರ್ ರೂಮಿಗೂ ನನಗೂ ಸಂಬಂಧ ಇರಲಿಲ್ಲ. ಆದರೆ ನಮ್ಮದು ಇನ್ನೂರು ಜನರ ಕಂಪನಿ. 2013ರಲ್ಲಿ ಸಿಸ್ಟಮ್ ಅಡ್ಮಿನ್ ಬೇರೆ ಕಡೆ ಆಫರ್ ಸಿಕ್ಕಿ ಹೊರಟುಹೋದ. ಅದೇ ಹೊತ್ತಿಗೆ ಇಡೀ ಆಫೀಸು ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಹೋಗಬೇಕಿತ್ತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಸಪೋರ್ಟ್ ನಿಲ್ಲುತ್ತೆ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿತ್ತು. "ನಿನಗೆ ಸ್ವಲ್ಪ ನೆಟ್‌ವರ್ಕಿಂಗ್ ಬರುತ್ತಲ್ಲ, ಹೊಸಬರು ಬರೋವರೆಗೆ ನೋಡ್ಕೋ" ಅಂದರು ಮ್ಯಾನೇಜರ್. ಹೊಸಬರು ಬರಲೇ ಇಲ್ಲ. ಐಟಿಯಲ್ಲಿ "ಸದ್ಯಕ್ಕೆ ನೋಡ್ಕೋ" ಅನ್ನೋದು ಜೀವಾವಧಿ ಶಿಕ್ಷೆ ಅಂತ ನಿಮಗೂ ಗೊತ್ತಿರುತ್ತೆ.

ಆಗ ಗಂಟುಬಿದ್ದದ್ದು ವಾಲ್ಯೂಮ್ ಆಕ್ಟಿವೇಶನ್. ಮನೆಗೆ ಒಂದು ವಿಂಡೋಸ್ ಕೊಂಡರೆ ಒಂದು ಕೀ, ಒಂದು ಸಲ ಆಕ್ಟಿವೇಟ್, ಮುಗೀತು. ಕಂಪನಿಗಳು ಸಗಟಾಗಿ ಕೊಳ್ಳುತ್ತವೆ. ಅವಕ್ಕೆ ಎರಡು ದಾರಿ. ಒಂದು, ಎಂಎಕೆ. ಒಂದೇ ಕೀ, ಆದರೆ ಅದರಲ್ಲಿ ಇಂತಿಷ್ಟು ಸಲ ಅಂತ ಲೆಕ್ಕ ತುಂಬಿರುತ್ತೆ. ಪ್ರತಿ ಮಷಿನ್ನೂ ಮೈಕ್ರೋಸಾಫ್ಟಿಗೆ ಹೋಗಿ ಒಂದು ಸಲ ಮುದ್ರೆ ಒತ್ತಿಸಿಕೊಂಡು ಬಂದರೆ ಆ ಲೆಕ್ಕದಲ್ಲಿ ಒಂದು ಕಡಿಮೆ. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೆ ಇನ್ನೊಂದು ಕಡಿಮೆ.

ಇನ್ನೊಂದು ದಾರಿ ಕೆಎಂಎಸ್. ಇದನ್ನ ಊರಿನ ಹಾಲಿನ ಸೊಸೈಟಿ ಅಂದುಕೊಳ್ಳಿ. ಪ್ರತಿಯೊಬ್ಬ ರೈತನೂ ಕ್ಯಾನ್ ಹೊತ್ತುಕೊಂಡು ತುಮಕೂರಿಗೆ ಹೋಗಬೇಕಿಲ್ಲ, ಊರಲ್ಲೇ ಅಳೆದು ಬರೆದುಕೊಳ್ಳುತ್ತಾರೆ. ಹಾಗೇ ಆಫೀಸಿನ ಒಂದು ಸರ್ವರ್ ಮಾತ್ರ ಮೈಕ್ರೋಸಾಫ್ಟಿನ ಹತ್ತಿರ ಒಂದು ಸಲ ಹೋಗಿ ಅಧಿಕಾರ ತರುತ್ತೆ. ಆಮೇಲೆ ಒಳಗಿನ ಮಷಿನ್‌ಗಳಿಗೆಲ್ಲ ಅದೇ ಮುದ್ರೆ ಒತ್ತುತ್ತೆ. ಮಷಿನ್‌ಗಳು ಡಿಎನ್‌ಎಸ್‌ನಲ್ಲಿ ಸರ್ವರಿನ ವಿಳಾಸ ಹುಡುಕಿಕೊಂಡು 1688ನೇ ಪೋರ್ಟಿನಲ್ಲಿ ಬಂದು ಮಾತಾಡುತ್ತವೆ. ಅವಕ್ಕೆ ಇಂಟರ್ನೆಟ್ಟೂ ಬೇಡ, ನಮ್ಮ ಕೈಯೂ ಬೇಡ.

ಆದರೆ ಎರಡು ಕಟ್ಟುಪಾಡಿವೆ. ಮೊದಲನೆಯದು, ಕನಿಷ್ಠ 25 ಮಷಿನ್ ಸೇರಬೇಕು. ವಿಂಡೋಸ್ ಸರ್ವರ್‌ಗಳಿಗಾದರೆ, ಆಫೀಸ್ ತಂತ್ರಾಂಶಕ್ಕಾದರೆ ಐದು ಸಾಕು. ಡೆಸ್ಕ್‌ಟಾಪ್‌ಗೆ 25 ಆಗೋವರೆಗೆ ಸರ್ವರ್ ಯಾರಿಗೂ ಮುದ್ರೆ ಒತ್ತಲ್ಲ, ಸುಮ್ಮನೆ ಎಣಿಸುತ್ತಾ ಕೂತಿರುತ್ತೆ. ನಾಲ್ಕು ಲೀಟರ್ ಹಾಲಿಗೆ ಯಾರು ಸೊಸೈಟಿ ತೆರೀತಾರೆ ಹೇಳಿ.

ಈ ಎಣಿಕೆಯೇ ನನ್ನನ್ನ ಮೊದಲ ವಾರ ನಿದ್ದೆಗೆಡಿಸಿದ್ದು. 40 ಮಷಿನ್‌ಗೆ ವಿಂಡೋಸ್ 7 ಹಾಕಿದ್ದೆ. ಸರ್ವರಿನಲ್ಲಿ ಎಸ್‌ಎಲ್‌ಎಂಜಿಆರ್ ಅನ್ನೋ ಸ್ಕ್ರಿಪ್ಟ್ ಓಡಿಸಿ ನೋಡಿದರೆ ಎಣಿಕೆ 1. ಎರಡು ಗಂಟೆ ಬಿಟ್ಟು ನೋಡಿದರೂ 1. ಮಾರನೇ ದಿನವೂ 1. ಫೈರ್‌ವಾಲ್ ನೋಡಿದೆ, ಡಿಎನ್‌ಎಸ್ ನೋಡಿದೆ, ಕೊನೆಗೆ ದೇವರನ್ನೂ ನೆನೆದೆ. ಮೂರನೇ ದಿನ ಗೊತ್ತಾಯ್ತು, ತಪ್ಪು ನನ್ನದೇ. ಒಂದು ಮಷಿನ್ ರೆಡಿ ಮಾಡಿ ಅದರ ಇಮೇಜನ್ನ ಉಳಿದ 39ಕ್ಕೆ ನಕಲು ಹೊಡೆದಿದ್ದೆ. ನಕಲು ಹೊಡೆಯೋ ಮುಂಚೆ ಸಿಸ್‌ಪ್ರೆಪ್ ಓಡಿಸಿ ಅದರ ಗುರುತು ಅಳಿಸಬೇಕಿತ್ತು, ಅಳಿಸಿರಲಿಲ್ಲ. ಹಾಗಾಗಿ ನಲವತ್ತೂ ಒಂದೇ ಕ್ಲೈಂಟ್ ಐಡಿ ಹಿಡಿದುಕೊಂಡು ಸರ್ವರಿನ ಬಾಗಿಲು ತಟ್ಟುತ್ತಿದ್ದವು. ಬಿಇ ಓದುವಾಗ ಒಬ್ಬನೇ ನಾಲ್ಕು ಜನರ ಅಟೆಂಡೆನ್ಸ್ ಕೂಗುತ್ತಿದ್ದೆವಲ್ಲ, ಇದು ಅದರ ಉಲ್ಟಾ. ನಲವತ್ತು ಜನ ಎದ್ದು ನಿಂತು ಒಂದೇ ರೋಲ್ ನಂಬರ್ ಕೂಗಿದರೆ ಲೆಕ್ಚರರ್ ಎಷ್ಟು ಜನಕ್ಕೆ ಹಾಜರಿ ಹಾಕ್ತಾರೆ? ಒಂದೊಂದೇ ಮಷಿನ್ನಿನ ಮುಂದೆ ಕೂತು ರೀಆರ್ಮ್ ಕಮಾಂಡ್ ಕೊಟ್ಟು ರೀಸ್ಟಾರ್ಟ್ ಮಾಡಿದೆ. ಎಣಿಕೆ 2 ಆಯ್ತು, 9 ಆಯ್ತು, 25 ಮುಟ್ಟಿದಾಗ ಒಂದರ ಹಿಂದೊಂದು ಎಲ್ಲ ಆಕ್ಟಿವೇಟ್ ಆದವು. ಆವತ್ತು ರಾತ್ರಿ ಒಬ್ಬನೇ ದರ್ಶಿನಿಯಲ್ಲಿ ಎರಡು ಮಸಾಲೆ ದೋಸೆ ತಿಂದೆ.

ಎರಡನೇ ಕಟ್ಟುಪಾಡೇ ಈ ಕಥೆಗೆ ಮುಖ್ಯ. ಕೆಎಂಎಸ್ ಕೊಡೋ ಮುದ್ರೆ ಶಾಶ್ವತ ಅಲ್ಲ. ಅದಕ್ಕೆ 180 ದಿನ ಆಯುಸ್ಸು. ಮಷಿನ್ ಆಫೀಸಿನ ನೆಟ್‌ವರ್ಕಿನಲ್ಲಿ ಇದ್ದರೆ ಏಳು ದಿನಕ್ಕೊಂದು ಸಲ ತಾನೇ ಹೋಗಿ ನವೀಕರಿಸಿಕೊಳ್ಳುತ್ತೆ, ಆ 180 ಮತ್ತೆ ಮೊದಲಿನಿಂದ ಶುರು. ಹೊರಗೆ ಹೋದ ಮಷಿನ್ ವಾಪಸ್ ಬರದೇ ಇದ್ದರೆ ದಿನ ಇಳೀತಾ ಹೋಗುತ್ತೆ. ಆನ್‌ಸೈಟ್ ಹೋದವರ ಲ್ಯಾಪ್‌ಟಾಪ್‌ಗಳಲ್ಲಿ ಹೀಗೇ ಆಗೋದು. ವಿಪಿಎನ್ ಹಾಕದೇ ಕೆಲಸ ಮಾಡ್ತಾ ಇರ್ತಾರೆ. ಒಂದು ದಿನ ಅಲ್ಲಿಂದ ಮೇಲ್: "ನನ್ನ ಸ್ಕ್ರೀನ್ ಕಪ್ಪಾಗಿದೆ, ಅರ್ಜೆಂಟ್." "ವಿಪಿಎನ್‌ಗೆ ಕನೆಕ್ಟ್ ಆಗಿ ಅರ್ಧ ಗಂಟೆ ಇರಿ" ಅಂತ ಎಷ್ಟು ಜನಕ್ಕೆ ಉತ್ತರ ಬರೆದಿದ್ದೇನೋ.

ಅಂದರೆ, ಮೈಕ್ರೋಸಾಫ್ಟಿನ ಲೆಕ್ಕದಲ್ಲಿ ಆ ಲೈಸೆನ್ಸ್ ಮಷಿನ್ನಿನದ್ದಲ್ಲ, ಕಂಪನಿಯದ್ದು. ಮಷಿನ್ ಕಂಪನಿಗೆ ಸೇರಿದ್ದು ಅಂತ ಆಗಾಗ ಬಂದು ತೋರಿಸ್ತಾ ಇರೋವರೆಗೆ ಮಾತ್ರ ಅದಕ್ಕೆ ಮಾನ್ಯತೆ. ಇದನ್ನ ಇನ್ನೂರು ಜನಕ್ಕೆ ವಿವರಿಸಿದವನು ನಾನು.

2015ರ ಮೇ ತಿಂಗಳಲ್ಲಿ ಆಫೀಸಿನ ಹಳೇ ಡೆಸ್ಕ್‌ಟಾಪ್‌ಗಳನ್ನ ತೆಗೆಯೋ ತೀರ್ಮಾನ ಆಯ್ತು. 2010ರಲ್ಲಿ ಎಸ್.ಪಿ. ರೋಡಿನ ವೆಂಡರ್ ಒಬ್ಬರು ಜೋಡಿಸಿಕೊಟ್ಟಿದ್ದ ಮಷಿನ್‌ಗಳು. ಗುಜರಿಗೆ ಹೋಗೋ ಬದಲು ಆರು ನಮ್ಮೂರ ಹೈಸ್ಕೂಲಿಗೆ ಕೊಡಬಹುದಾ ಅಂತ ಕೇಳಿದೆ. ಮ್ಯಾನೇಜರ್ ಖುಷಿಯಿಂದ ಒಪ್ಪಿದರು. ಗೇಟ್ ಪಾಸಿನಲ್ಲಿ "ಹಾರ್ಡ್‌ವೇರ್ ಮಾತ್ರ, ತಂತ್ರಾಂಶ ಸೇರಿಲ್ಲ" ಅಂತ ಒಂದು ಸಾಲು ಇರಬೇಕಿತ್ತು. ಅದನ್ನ ಟೈಪ್ ಮಾಡಿದವನೂ ನಾನೇ.

ಆ ಶನಿವಾರ ಆಫೀಸಿಗೆ ಹೋಗಿ ಆರೂ ಮಷಿನ್ನಿನ ಡಿಸ್ಕ್ ಅಳಿಸಿದೆ. ಖಾಲಿ ಮಷಿನ್ ಕೊಟ್ಟರೆ ಊರಲ್ಲಿ ಯಾರು ವಿಂಡೋಸ್ ಹಾಕ್ತಾರೆ? ಕೈಯಲ್ಲಿದ್ದ ಆಫೀಸಿನ ಇಮೇಜನ್ನೇ ಹಾಕಿದೆ. ಟೆಸ್ಟ್ ಮಾಡೋಕೆ ನೆಟ್‌ವರ್ಕ್ ಕೇಬಲ್ ಚುಚ್ಚಿದ್ದೆನಲ್ಲ, ಆರೂ ಸದ್ದಿಲ್ಲದೆ ಕೆಎಂಎಸ್ ಸರ್ವರಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದವು. ಅವಧಿ ಯಾವತ್ತು ಮುಗಿಯುತ್ತೆ ಅಂತ ತೋರಿಸೋ ಕಮಾಂಡ್ ಕೊಟ್ಟೆ. ಡಿಸೆಂಬರ್ ಅಂತ ತೋರಿಸಿತು. ನೋಡಿದೆ, ಕಿಟಕಿ ಮುಚ್ಚಿದೆ. ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಡಿಸೆಂಬರ್ ತಾನೇ, ಆಮೇಲೆ ನೋಡೋಣ ಅಂದುಕೊಂಡೆ.

ಇನ್ನೊಂದು ಕೆಲಸ ಮಾಡಿದೆ. ಕ್ಯಾಬಿನೆಟ್ಟುಗಳ ಪಕ್ಕಕ್ಕೆ ಕಂಪನಿಯ ಅಸೆಟ್ ನಂಬರಿನ ಸ್ಟಿಕ್ಕರು, ಅದರ ಕೆಳಗೆ ಯಾವುದೋ ಹಳೇ ಬಣ್ಣದ ಸ್ಟಿಕ್ಕರು, ವೆಂಡರಿನ ವಾರಂಟಿ ಸ್ಟಿಕ್ಕರು, ಮೇಲೊಂದು ಪದರ ಧೂಳು. ಊರಿಗೆ ಕೊಡೋದು ಹೊಸದರ ಹಾಗೆ ಕಾಣಬೇಕು ಅಂತ ಬೈಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು, ಬಟ್ಟೆಗೆ ಅದ್ದಿ, ಬ್ಲೇಡು ಹಿಡಿದು ಎಲ್ಲವನ್ನೂ ಕೆರೆಯೋಕೆ ಕೂತೆ. ನಾಲ್ಕು ಮುಗಿಸಿ ಐದನೆಯದಕ್ಕೆ ಕೈ ಹಾಕುವಷ್ಟರಲ್ಲಿ ಟಾಟಾ ಏಸ್ ಬಂದು ಹಾರ್ನ್ ಹೊಡೀತು. ಉಳಿದ ಎರಡರ ಅಸೆಟ್ ಸ್ಟಿಕ್ಕರ್ ಮಾತ್ರ ಕಿತ್ತು ಹಾಗೇ ತುಂಬಿಸಿದೆ.

ನೆಲಮಂಗಲ, ತುಮಕೂರು, ಗುಬ್ಬಿ, ತಿಪಟೂರು ದಾಟಿ ಊರು ಮುಟ್ಟಿದಾಗ ಶಾಲೆಯ ಮುಂದೆ ಮಾವಿನ ತೋರಣ ಕಟ್ಟಿದ್ದರು. ಜೂನ್ ತಿಂಗಳ ಆ ಕಾರ್ಯಕ್ರಮದಲ್ಲಿ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ಅಪ್ಪ ಮುಂದಿನ ಸಾಲಲ್ಲಿ ಇಸ್ತ್ರಿ ಶರಟು ಹಾಕಿಕೊಂಡು ಕೂತಿದ್ದರು. ಲ್ಯಾಬಿನ ಗೋಡೆ ಮೇಲೆ ನೀಲಿ ಪೇಂಟಿನಲ್ಲಿ "ಕಂಪ್ಯೂಟರ್ ದಾನಿಗಳು" ಅಂತ ಬರೆಸಿ, ಕೆಳಗೆ ನನ್ನ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಕಂಪನಿ ಹೆಸರು. ಉಲ್ಟಾ ಆಗಬೇಕಿತ್ತು ಸಾರ್ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಈಗ ಮತ್ತೆ ಆ ಸೋಮವಾರಕ್ಕೆ ಬರೋಣ. ಶುಕ್ರವಾರದವರೆಗೆ ಇದನ್ನೇ ಯೋಚನೆ ಮಾಡಿದೆ. ಅಡ್ಡದಾರಿಗಳು ಬೇಕಾದಷ್ಟಿದ್ದವು. ಆಫೀಸಿನ ಎಂಎಕೆ ಕೀ ನನ್ನ ಮೇಲ್‌ಬಾಕ್ಸಿನಲ್ಲೇ ಇತ್ತು. ಆರು ಸಲ ಬಳಸಿದರೆ ಲೆಕ್ಕದಲ್ಲಿ ಆರು ಕಮ್ಮಿ, ವರ್ಷದ ಕೊನೆಗೆ ಲೈಸೆನ್ಸ್ ಲೆಕ್ಕ ಕೊಡೋವರೆಗೆ ಯಾರೂ ಕೇಳಲ್ಲ. ಇಲ್ಲವಾದರೆ ಆರೂ ಕ್ಯಾಬಿನೆಟ್ಟುಗಳನ್ನ ಬೆಂಗಳೂರಿಗೆ ತಂದು ಹತ್ತು ನಿಮಿಷ ಆಫೀಸಿನ ಕೇಬಲ್ ಚುಚ್ಚಿದರೆ ಇನ್ನೊಂದು 180 ದಿನ. ವರ್ಷಕ್ಕೆ ಎರಡು ಸಲ ಎತ್ತುಗಳನ್ನ ಜಾತ್ರೆಗೆ ಹೊಡೆದುಕೊಂಡು ಬಂದ ಹಾಗೆ. ಸ್ಕೂಲಿನಲ್ಲೇ ಒಂದು ಕೆಎಂಎಸ್ ಇಡೋದಂತೂ ಸಾಧ್ಯವೇ ಇಲ್ಲ. ಅಲ್ಲಿರೋದು ಆರು. 25ರ ಲೆಕ್ಕಕ್ಕೆ ನಮ್ಮೂರು ಯಾವ ಕಾಲಕ್ಕೂ ಬರಲ್ಲ.

ಕೊನೆಯದು ಎಲ್ಲರಿಗೂ ಗೊತ್ತಿರೋದು. ನಾನೇ ಕೆಎಂಎಸ್ ಸರ್ವರ್ ಅಂತ ಮಷಿನ್ನಿನೊಳಗೇ ಕೂತು ಸುಳ್ಳು ಹೇಳೋ ಪುಟ್ಟ ಕ್ರ್ಯಾಕ್ ಪ್ರೋಗ್ರಾಮ್. ಹಾಸ್ಟೆಲ್ಲಿನಲ್ಲಿ ಎಕ್ಸ್‌ಪಿಯ ಒಂದೇ ಸೀಡಿ ಎಲ್ಲ ರೂಮಿಗೂ ತಿರುಗುತ್ತಿತ್ತು. ಅದರ ಮೇಲೆ ಮಾರ್ಕರಿನಲ್ಲಿ ಕೀ ಬರೆದಿರುತ್ತಿತ್ತು. ಅದು ಯಾವುದೋ ಕಂಪನಿಯ ವಾಲ್ಯೂಮ್ ಕೀ ಅಂತ ಆಗ ನಮಗೆ ಗೊತ್ತೂ ಇರಲಿಲ್ಲ. ಎಕ್ಸ್‌ಪಿಯ ವಾಲ್ಯೂಮ್ ಕೀಗಳಿಗೆ ಆಕ್ಟಿವೇಶನ್ನೇ ಬೇಕಿರಲಿಲ್ಲ, ಅದಕ್ಕೇ ಅವು ಅಷ್ಟು ಊರು ಸುತ್ತಿದ್ದು. ಆ ಬಾಗಿಲು ಮುಚ್ಚೋಕೇ ವಿಸ್ಟಾದಿಂದ ಈ ಕೆಎಂಎಸ್, ಎಂಎಕೆ ಎಲ್ಲ ಬಂದದ್ದು. ಕಂಪ್ಯೂಟರ್ ಕಲಿತದ್ದೇ ಕದ್ದ ವಿಂಡೋಸಿನಲ್ಲಿ, ಈಗೇನು ಮಡಿ ಅಂದುಕೊಂಡು ಶುಕ್ರವಾರ ಸಂಜೆ ಕ್ರ್ಯಾಕನ್ನ ಪೆನ್‌ಡ್ರೈವಿಗೆ ಹಾಕಿ, ಹಳೇ ಸೀಡಿ ಪೌಚನ್ನೂ ಬ್ಯಾಗಿಗೆ ತುರುಕಿ, ಮೆಜೆಸ್ಟಿಕ್‌ನಲ್ಲಿ ತಿಪಟೂರು ಬಸ್ ಹತ್ತಿದೆ.

ರಾತ್ರಿ ಮನೆ ಸೇರಿದಾಗ ಅವ್ವ ಮುದ್ದೆ ಬಡಿಸುತ್ತಾ ಅಂದಳು, "ಸಂಕ್ರಾಂತಿ ಹಬ್ಬಕ್ಕೆ ಬಾ ಅಂದ್ರೆ ರಿಲೀಜು ಅಂದೆ. ಕಂಪ್ಯೂಟರ್ ಕೆಟ್ಟೋಗದೆ ಅಂದ್ರೆ ಬಂದ್‌ಬಿಟ್ಟೆ."

ಲೆಕ್ಕ ಹಾಕಿದೆ. ಜೂನಿನ ಆ ಸನ್ಮಾನ ಮುಗಿಸಿ ಹೋದವನು ಆಮೇಲೆ ಊರಿಗೆ ಬಂದಿರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು. ಲ್ಯಾಬಿನಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳು ನನ್ನನ್ನೇ ಕಾಯುತ್ತಾ ನಿಂತಿದ್ದರು. ಆರೂ ಮಾನಿಟರ್‌ಗಳು ಕಪ್ಪಗೆ. ಬಲಗಡೆ ಕೆಳಗೆ ಬಿಳಿ ಅಕ್ಷರದಲ್ಲಿ ಅದೇ ಸಾಲು. ಕೆಲಸಕ್ಕೇನೂ ಅಡ್ಡಿ ಇಲ್ಲ ನೋಡಿ, ಪೇಂಟೂ ಓಪನ್ ಆಗುತ್ತೆ, ನುಡಿಯಲ್ಲಿ ಕನ್ನಡವೂ ಟೈಪ್ ಆಗುತ್ತೆ. ಆದರೆ ಕಿಟಕಿ ಮುಚ್ಚಿದಾಗೆಲ್ಲ ಆ ಸಾಲು ಕಾಣುತ್ತೆ. ಅದರ ಎದುರು ಗೋಡೆ ಮೇಲೆ ನೀಲಿ ಪೇಂಟಿನ ನನ್ನ ಹೆಸರು.

ಪೆನ್‌ಡ್ರೈವ್ ಜೇಬಿನಿಂದ ತೆಗೆದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಮೇಷ್ಟ್ರನ್ನ ಕೇಳಿದಳು, "ಸಾರ್, ಜೆನ್ಯೂಯಿನ್ ಅಂದ್ರೆ ಏನು ಸಾರ್?"

"ಅಸಲಿ ಅಂತ ಕಣಮ್ಮ."

"ಹಂಗಾದ್ರೆ ಇದು ಕದ್ದಿದ್ದಾ ಸಾರ್?"

ಮೇಷ್ಟ್ರು "ಏ, ಸುಮ್ನಿರೇ, ಸಾರ್ ಸರಿಮಾಡ್ತಾರೆ" ಅಂದರು. ಹುಡುಗಿ ಸುಮ್ಮನಾದಳು. ಅವಳು ತಮಾಷೆಗೂ ಕೇಳಿರಲಿಲ್ಲ, ಕುಹಕಕ್ಕೂ ಕೇಳಿರಲಿಲ್ಲ. ಗೊತ್ತಿಲ್ಲ, ಕೇಳಿದಳು. ಪೆನ್‌ಡ್ರೈವ್ ಚುಚ್ಚಿ ಎರಡು ಸಲ ಕ್ಲಿಕ್ ಮಾಡಿದರೆ ಆ ಸಾಲು ಮಾಯ ಆಗ್ತಿತ್ತು. ಆಮೇಲೆ ಅವಳು ಕೇಳಿದ್ದು ನಿಜ ಆಗ್ತಿತ್ತು. ಅಲ್ಲಿವರೆಗೆ ನನ್ನದು ಉಡಾಫೆ. ಅದಾದ ಮೇಲೆ ಕಳ್ಳತನ. ಅದೂ ಇವರ ಹೆಸರಲ್ಲಿ.

ಮೇಷ್ಟ್ರನ್ನ ಹೊರಗೆ ಕರೆದುಕೊಂಡು ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ವೈರಸ್ ಅಲ್ಲ ಸಾರ್, ಆ ಲೈಸೆನ್ಸ್ ಆಫೀಸಿನದ್ದು, ಆರು ತಿಂಗಳಿಗೊಮ್ಮೆಯಾದರೂ ಆಫೀಸಿಗೆ ಹೋಗಿ ಬರಬೇಕು, ಇಲ್ಲದಿದ್ದರೆ ಹೀಗೆ.

"ಹಂಗಂದ್ರೆ ಕೊಡೋವಾಗಲೇ ನಿನಗೆ ಗೊತ್ತಿತ್ತು?"

"ಗೊತ್ತಿತ್ತು ಸಾರ್."

ನನಗೆ ಗಣಿತ ಕಲಿಸಿದವರು. ಬೈದಿದ್ದರೆ ಚೆನ್ನಾಗಿರ್ತಿತ್ತು. ಬೈಯಲಿಲ್ಲ. "ಈಗ ನ್ಯಾಯವಾಗಿ ಏನು ಮಾಡಬಹುದು ಅಷ್ಟು ನೋಡು" ಅಂತ ಹೇಳಿ ಟೀಗೆ ಕಳಿಸಿದರು.

ಒಳಗೆ ಬಂದು ಮಷಿನ್‌ಗಳ ಮುಂದೆ ಸುಮ್ಮನೆ ಕೂತೆ. ಐದನೆಯದರ ಪಕ್ಕಕ್ಕೆ ಧೂಳು ಒರೆಸುತ್ತಿದ್ದ ಹುಡುಗ "ಸಾರ್, ಇಲ್ಲೇನೋ ವಿಂಡೋಸ್ ಅಂತ ಬರೆದೈತೆ" ಅಂದ. ಬಗ್ಗಿ ನೋಡಿದೆ. ಅವತ್ತು ನಾನು ಕೆರೆಯದೆ ಬಿಟ್ಟಿದ್ದ ಬಣ್ಣದ ಸ್ಟಿಕ್ಕರು. ವಿಂಡೋಸ್ 7 ಪ್ರೊಫೆಷನಲ್, ಕೆಳಗೆ 25 ಅಕ್ಷರದ ಕೀ.

ತಲೆ ಮೇಲೆ ನೀರು ಸುರಿದ ಹಾಗಾಯ್ತು. ಕಂಪನಿಗಳು ಸಗಟಾಗಿ ಕೊಳ್ಳೋ ವಿಂಡೋಸ್ ಡೆಸ್ಕ್‌ಟಾಪ್ ಲೈಸೆನ್ಸ್ ಪೂರ್ತಿ ಲೈಸೆನ್ಸ್ ಅಲ್ಲ, ಅಪ್‌ಗ್ರೇಡ್ ಮಾತ್ರ. ಅದರ ಅಡಿಯಲ್ಲಿ ಮಷಿನ್ನಿನ ಜೊತೆಗೇ ಬಂದ ಒಂದು ಮೂಲ ಲೈಸೆನ್ಸ್ ಇರಲೇಬೇಕು. ಆ ಮೂಲ ಲೈಸೆನ್ಸ್ ಕಂಪನಿಯ ಹಿಂದೆ ಹೋಗಲ್ಲ, ಮಷಿನ್ ಎಲ್ಲಿಗೆ ಹೋದರೂ ಅದರ ಜೊತೆಗೇ ಹೋಗುತ್ತೆ. ಈ ನಿಯಮವನ್ನ ಆಫೀಸಿನಲ್ಲಿ ಪಿಪಿಟಿ ಮಾಡಿ ತೋರಿಸಿದ್ದೆ. 2010ರಲ್ಲಿ ಕೊಂಡಾಗ ವೆಂಡರ್ ವಿಂಡೋಸ್ 7ರ ಸ್ಟಿಕ್ಕರ್ ಅಂಟಿಸಿಯೇ ಕೊಟ್ಟಿದ್ದ. ಡೌನ್‌ಗ್ರೇಡ್ ಹಕ್ಕು ಇತ್ತು ಅಂತ ನಾವೇ ಎಕ್ಸ್‌ಪಿ ಹಾಕಿಕೊಂಡಿದ್ದೆವು. ಆ ಕೀಗಳನ್ನ ಯಾರೂ ಒಂದು ಸಲವೂ ಬಳಸಿರಲಿಲ್ಲ. ಅಂದರೆ ಆ ಆರು ಮಷಿನ್‌ಗಳಿಗೆ ಅಸಲಿ, ಶಾಶ್ವತ, ಯಾರ ಸರ್ವರಿಗೂ ಹೋಗಿ ಕೈಮುಗಿಯಬೇಕಿಲ್ಲದ ಲೈಸೆನ್ಸ್ ಇತ್ತು. ಅದು ಮಕ್ಕಳಿಗೇ ಸೇರಬೇಕಾದದ್ದು. ಅವರದ್ದನ್ನ ಪೆಟ್ರೋಲ್ ಹಾಕಿ ಕೆರೆದು ಬಿಸಾಕಿ, ನನ್ನದಲ್ಲದ್ದನ್ನ ದಾನ ಅಂತ ಕೊಟ್ಟು ಶಾಲು ಹೊದಿಸಿಕೊಂಡು ಬಂದಿದ್ದೆ. ನಾಲ್ಕು ಕೀಗಳು ಹೋದದ್ದು ಹೋದವು. ಬಿಲ್ಲು ಆಫೀಸಿನಲ್ಲಿ ಇರಬಹುದು, ಕೀ ಇದ್ದದ್ದು ಆ ಚೀಟಿಯ ಮೇಲೆ ಮಾತ್ರ. ಉಳಿದದ್ದು ಟಾಟಾ ಏಸ್ ಡ್ರೈವರಿನ ಅವಸರದಿಂದ ಬಚಾವಾದ ಎರಡು.

ಸೀಡಿ ಪೌಚಿನಲ್ಲಿ ವೆಂಡರ್ ಕೊಟ್ಟಿದ್ದ ಪ್ರೊಫೆಷನಲ್ ಡಿವಿಡಿ ಸಿಕ್ಕಿತು. ಮೊದಲ ಮಷಿನ್‌ಗೆ ಹೊಸದಾಗಿ ಹಾಕಿದೆ. ಕೀ ಹೊಡೆದರೆ ತಪ್ಪು ಅಂತು. ಸ್ಟಿಕ್ಕರಿನಲ್ಲಿ ಒಂದು ಅಕ್ಷರ ಸವೆದಿತ್ತು, ಬಿ ಅನ್ನೋದೋ 8 ಅನ್ನೋದೋ ತಿಳಿಯುತ್ತಿರಲಿಲ್ಲ. ಒಬ್ಬ ಹುಡುಗ ಭೂತಗನ್ನಡಿ ತಂದ. "8 ಸಾರ್" ಅಂದ. 8 ಹೊಡೆದೆ, ತೆಗೆದುಕೊಂಡಿತು.

ಸ್ಕೂಲಿನಲ್ಲಿ ಇಂಟರ್ನೆಟ್ ಇಲ್ಲ. ಫೋನಿನಲ್ಲೇ ಆಕ್ಟಿವೇಟ್ ಮಾಡಬೇಕು. ಸ್ಕ್ರೀನ್ ಮೇಲೆ 54 ಅಂಕಿ ಬರುತ್ತೆ, ಆರಾರರ ಒಂಬತ್ತು ಗುಂಪು. ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಅಷ್ಟನ್ನೂ ಒತ್ತಬೇಕು. ಆಮೇಲೆ ಆ ಕಡೆಯ ದನಿ 48 ಅಂಕಿ ಹೇಳುತ್ತೆ, ಅದನ್ನ ಇಲ್ಲಿ ತುಂಬಬೇಕು. ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗೋದು ಧ್ವಜದ ಕಟ್ಟೆಯ ಹತ್ತಿರ ಮಾತ್ರ. ಲ್ಯಾಬಿನಿಂದ ಅಲ್ಲಿಗೆ ಮೂವತ್ತು ಹೆಜ್ಜೆ.

ಆ ಹುಡುಗಿಯೇ ಪ್ಲಾನ್ ಮಾಡಿದಳು. ಒಬ್ಬಳು ಸ್ಕ್ರೀನ್ ನೋಡಿ ಹೇಳೋದು, ಇನ್ನೊಬ್ಬಳು ಕಿಟಕಿಯಿಂದ ಕೂಗೋದು, ಕಟ್ಟೆ ಮೇಲೆ ನಾನು ಒತ್ತೋದು. "ಮೂರ್ರೀ ಸಾರ್! ಒಂದು! ಸೊನ್ನೆ! ಏಳು!" ಪಕ್ಕದ ತೋಟದಲ್ಲಿ ಕಾಯಿ ಕೀಳುತ್ತಿದ್ದವರು ನಿಂತು ನೋಡುತ್ತಿದ್ದರು. 54 ಅಂಕಿ ಮುಗಿದ ಮೇಲೆ ಆ ದನಿ ಇಂಗ್ಲೀಷಿನಲ್ಲಿ ಕೇಳಿತು, ಈ ವಿಂಡೋಸನ್ನ ಎಷ್ಟು ಕಂಪ್ಯೂಟರುಗಳಿಗೆ ಹಾಕಿದ್ದೀರಿ? ಒಂದು ಅಂತ ಒತ್ತಿದೆ. ಹಾಸ್ಟೆಲ್ಲಿನ ಕಾಲದಿಂದ ವಿಂಡೋಸ್ ಹಾಕುತ್ತಾ ಬಂದಿದ್ದೇನೆ. ಈ ಪ್ರಶ್ನೆಗೆ ನಿಜ ಹೇಳಿದ್ದು ಅದೇ ಮೊದಲು.

ಉತ್ತರದ 48 ಅಂಕಿಗಳನ್ನ ನಾನು ಕೂಗುತ್ತಾ ಹೋದೆ, ಒಳಗೆ ಒಬ್ಬ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದುಕೊಂಡ. ಎ ಇಂದ ಎಚ್‌ವರೆಗೆ ಎಂಟು ಗುಂಪು. ಹುಡುಗಿ ಟೈಪ್ ಮಾಡಿದಳು. ಆಕ್ಟಿವೇಟ್ ಆಗಿದೆ ಅಂತ ಬಂದಾಗ ಲ್ಯಾಬಿನಿಂದ ಎದ್ದ ಕೂಗು ಎಣಿಕೆ 25 ಮುಟ್ಟಿದ ರಾತ್ರಿ ನನಗೂ ಬಂದಿರಲಿಲ್ಲ. ಎರಡನೆಯದಕ್ಕೆ ಅವರೇ ಫೋನ್ ಹಿಡಿದರು. ನಾನು ಟೀ ಕುಡಿದೆ.

ಉಳಿದ ನಾಲ್ಕಕ್ಕೆ ಉಬುಂಟು ಹಾಕಿದೆ. ಮಾರನೇ ದಿನ ಭಾನುವಾರವೂ ಕೂತು ಕನ್ನಡ ಕೀಬೋರ್ಡ್ ಜೋಡಿಸಿ, ಇದು ಯಾರಿಗೆ ಬೇಕಾದರೂ ಕಾಪಿ ಮಾಡಿ ಕೊಡಬಹುದಾದದ್ದು, ಕದ್ದದ್ದಲ್ಲ ಅಂತ ಅಲ್ಲಿದ್ದ ಮಕ್ಕಳಿಗೆ ವಿವರಿಸಿದೆ. ಆ ಹುಡುಗಿ "ಮತ್ತೆ ಮೊದ್ಲೇ ಇದನ್ನೇ ಯಾಕ್ ಹಾಕ್ಲಿಲ್ಲ ಸಾರ್?" ಅಂದಳು. ಇದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೋಮವಾರ ಮ್ಯಾನೇಜರ್ ರೂಮಿಗೆ ಹೋಗಿ ಆಫೀಸಿನ ಇಮೇಜ್ ಹೊರಗೆ ಹೋದ ವಿಷಯ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು. ಕೆಎಂಎಸ್ ಸರ್ವರ್ 30 ದಿನ ಕಾಣದ ಮಷಿನ್‌ಗಳನ್ನ ತಾನೇ ಮರೆತುಬಿಡುತ್ತೆ. ಅವರು ಗೇಟ್ ಪಾಸ್ ತರಿಸಿದರು, "ಹಾರ್ಡ್‌ವೇರ್ ಮಾತ್ರ" ಅನ್ನೋ ಸಾಲಿನ ಮೇಲೆ ಪೆನ್ನಿಟ್ಟು ನನ್ನ ಮುಖ ನೋಡಿದರು. ಒಂದು ವಾರ್ನಿಂಗ್ ಮೇಲ್ ಬಂತು. ಆ ವರ್ಷದ ಅಪ್ರೈಸಲ್ಲಿನಲ್ಲಿ ಅದರ ಬೆಲೆಯೂ ಗೊತ್ತಾಯ್ತು. ಜೊತೆಗೆ ಒಂದು ಒಳ್ಳೇ ಕೆಲಸವೂ ಆಯ್ತು. ಈಗ ಹಳೇ ಮಷಿನ್ ಯಾರಿಗೆ ಕೊಟ್ಟರೂ ಒಂದು ಚೆಕ್‌ಲಿಸ್ಟ್ ಇದೆ. ಮೊದಲನೇ ಸಾಲು: ಡಿಸ್ಕ್ ಅಳಿಸಿ. ಎರಡನೇ ಸಾಲು: ಲೈಸೆನ್ಸ್ ಸ್ಟಿಕ್ಕರ್ ಮುಟ್ಟಬೇಡಿ.

ನಿಮ್ಮಲ್ಲೂ ಎಷ್ಟೋ ಜನ ಊರಿಗೆ, ಯಾವುದೋ ಶಾಲೆಗೆ, ಆಶ್ರಮಕ್ಕೆ ಆಫೀಸಿನ ಹಳೇ ಕಂಪ್ಯೂಟರ್ ಕೊಡಿಸಿರ್ತೀರಿ, ಕೊಡಿಸೋ ಮನಸ್ಸಿರುತ್ತೆ. ಖಂಡಿತ ಕೊಡಿ. ಕೊಡೋ ಮುಂಚೆ ಕ್ಯಾಬಿನೆಟ್ಟಿನ ಪಕ್ಕಕ್ಕೆ ಒಂದು ಸಲ ಬಗ್ಗಿ ನೋಡಿ. ಮತ್ತೆ ಕೊಡ್ತಾ ಇರೋದರಲ್ಲಿ ನಮ್ಮದೆಷ್ಟು ಅಂತಲೂ ಒಂದು ಸಲ ಲೆಕ್ಕ ಹಾಕಿಕೊಳ್ಳಿ.

ಗೋಡೆ ಮೇಲಿನ ನನ್ನ ಹೆಸರು ಅಳಿಸಿಬಿಡಿ ಸಾರ್ ಅಂತ ಮೇಷ್ಟ್ರಿಗೆ ಹೇಳಿದ್ದೆ. "ಪೇಂಟಿಗೆ ದುಡ್ಡು ಕೊಟ್ಟಾಗಿದೆ, ಇರ್ಲಿ ಬಿಡು" ಅಂದರು. ಯುಗಾದಿಗೆ ಊರಿಗೆ ಹೋದಾಗ ಲ್ಯಾಬಿನೊಳಗೆ ಇಣುಕಿದೆ. ಹೆಸರು ಹಾಗೇ ಇತ್ತು. ಎದುರಿನ ಕರೀ ಬೋರ್ಡಿನ ಎಡ ಮೂಲೆಯಲ್ಲಿ ಆ 48 ಅಂಕಿಗಳೂ ಹಾಗೇ ಇದ್ದವು. ಸುತ್ತ ಚೌಕ ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ ಯಾರೋ ಬರೆದಿದ್ದರು: ಅಳಿಸಬೇಡಿ.